ಊಟದ ಮೇಜಿನ ಮಾತು ಮಗಳ ಮೊಬೈಲಿಗೆ ಹೋಗಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಇರೋದು ವಿಜಯನಗರದಲ್ಲಿ. ನಾನು, ನಮ್ಮ ಯಜಮಾನರು ಇಬ್ಬರೇ. ಮಗಳು ಪುಣೆಯಲ್ಲಿದ್ದಾಳೆ. ದೀಪಾವಳಿಗೆ ಬಂದಾಗ, ಮಾತಾಡಿದರೆ ಹಾಡು ಹಾಕುವ ಸ್ಪೀಕರ್ ಒಂದನ್ನು ತಂದುಕೊಟ್ಟು ಅವಳೇ ಜೋಡಿಸಿ ಹೋದಳು. ಯಜಮಾನರಿಗೆ ಕಣ್ಣು ಮಂಜು. ಬೆಳಗ್ಗೆ ದೇವರನಾಮ ಹಾಕೋದು, ಮಾತ್ರೆ ನೆನಪಿಸೋದು ಎಲ್ಲ ಈಗ ಅದೇ. ಹೋದ ತಿಂಗಳು ಅವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ರಿಪೋರ್ಟ್ ಬಂದ ರಾತ್ರಿ ಊಟಕ್ಕೆ ಕೂತಾಗ, 'ಸದ್ಯಕ್ಕೆ ಮಗಳಿಗೆ ಹೇಳೋದು ಬೇಡ' ಅಂತ ಮಾತಾಡಿಕೊಂಡೆವು. ಆಗ ಸ್ಪೀಕರಿನ ದೀಪ ತಾನಾಗಿ ಹತ್ತಿ ಆರಿತು. ನಾವ್ಯಾರೂ ಅದನ್ನು ಕರೆದಿರಲಿಲ್ಲ. ಎರಡು ದಿನ ಬಿಟ್ಟು ಮಗಳು ಫೋನ್ ಮಾಡಿ ಅತ್ತಳು. 'ಅಪ್ಪನ ವಿಷಯ ನನ್ನಿಂದ ಯಾಕೆ ಮುಚ್ಚಿಟ್ರಿ?' ಅಂದಳು. ಅವಳ ಮೊಬೈಲಿನಲ್ಲಿ ನಮ್ಮ ಮಾತು ಕೇಳಿಸಿತಂತೆ. ಈಗ ಅದರ ಎದುರು ಬಾಯಿ ಬಿಡೋಕೇ ಭಯ. ಅದು ದಿನವಿಡೀ ಕೇಳಿಸಿಕೊಳ್ಳುತ್ತಾ? ಕಂಪನಿಯವರೂ ಕೇಳ್ತಾರಾ? ತೆಗೆದು ಅಟ್ಟಕ್ಕೆ ಹಾಕಿಬಿಡಲಾ?

ಉತ್ತರ: ನಮಸ್ಕಾರ ಅಮ್ಮ. ಯಜಮಾನರು ಬೇಗ ಚೇತರಿಸಿಕೊಳ್ಳಲಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಂಡ ಹೆಂಡತಿ ಊಟಕ್ಕೆ ಕೂತು ಆಡಿದ ಮಾತು ಅದು. ಮಗಳಿಗೆ ಯಾವಾಗ ಹೇಳಬೇಕು, ಹೇಗೆ ಹೇಳಬೇಕು ಅನ್ನೋದು ನಿಮಗೆ ಬಿಟ್ಟ ವಿಷಯವಾಗಿತ್ತು. ಅದು ನಿಮ್ಮ ಕೈ ತಪ್ಪಿ ಹೋಯಿತು. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ.

ಅಟ್ಟಕ್ಕೆ ಹಾಕಬೇಡಿ. ಯಜಮಾನರಿಗೆ ಅದು ಬೇಕು. ಆದರೆ ಈಗ ಇರುವ ಹಾಗೆಯೇ ಇಟ್ಟುಕೊಳ್ಳಲೂ ಬೇಡಿ.

ಮೊದಲು, ಅದು ದಿನವಿಡೀ ಕೇಳುತ್ತಾ ಅನ್ನೋ ಪ್ರಶ್ನೆ. ಇಂಥ ಸ್ಪೀಕರಿನೊಳಗೆ ಪುಟ್ಟ ಪುಟ್ಟ ಮೈಕುಗಳಿರುತ್ತವೆ. ಕರೆಂಟು ಇರುವಷ್ಟು ಹೊತ್ತೂ ಅವು ತೆರೆದೇ ಇರುತ್ತವೆ. ಆದರೆ ಕಿವಿಗೆ ಬಿದ್ದಿದ್ದೆಲ್ಲ ಹೊರಗೆ ಹೋಗೋದಿಲ್ಲ. ಒಳಗಿನ ಚಿಪ್ ಒಂದೇ ಒಂದು ಕರೆಗೆ ಕಾಯುತ್ತಿರುತ್ತದೆ. ಅಮೆಜಾನ್ ಕಂಪನಿಯದಕ್ಕೆ ಅದು 'ಅಲೆಕ್ಸಾ', ಗೂಗಲ್‌ನದಕ್ಕೆ 'ಹೇ ಗೂಗಲ್', ಆಪಲ್‌ನದಕ್ಕೆ 'ಹೇ ಸಿರಿ'. ಕೆಲವೇ ಸೆಕೆಂಡಿನ ಸದ್ದನ್ನು ಇಟ್ಟುಕೊಂಡು ನೋಡುತ್ತದೆ. ಕರೆ ಸಿಗದಿದ್ದರೆ ಅದನ್ನು ಅಳಿಸಿ ಮುಂದಿನದನ್ನು ಬರೆದುಕೊಳ್ಳುತ್ತದೆ. ಸ್ಲೇಟಿನಲ್ಲಿ ಬರೆದು, ಒರೆಸಿ, ಮತ್ತೆ ಬರೆದ ಹಾಗೆ. ಕರೆ ಸಿಕ್ಕಿತು ಅಂದುಕೊಂಡ ಕೂಡಲೇ ದೀಪ ಹತ್ತುತ್ತದೆ. ಅಲ್ಲಿಂದ ಮುಂದಿನ ಮಾತು ವೈಫೈ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತದೆ.

'ಸಿಕ್ಕಿತು ಅಂದುಕೊಂಡ' ಅಂದೆನಲ್ಲ, ಎಡವಟ್ಟು ಆಗೋದು ಅಲ್ಲೇ. ನಿಮ್ಮ ಸ್ಪೀಕರ್ ಯಾವ ಕಂಪನಿಯದು ಅಂತ ನೀವು ಬರೆದಿಲ್ಲ. ಅದು ಯಾವುದೇ ಇರಲಿ, ಒಂದು ಉದಾಹರಣೆ ಹೇಳುತ್ತೇನೆ. ಊಟದ ಹೊತ್ತಿಗೆ ನಮ್ಮ ಮನೆಗಳಲ್ಲಿ ಆಡುವ ಮಾತು ಇದು: 'ಅಲ್ಯಾಕ್ ಸಾರು ಇಟ್ಟೆ, ಇಲ್ಲಿ ತಾ.' ಇದನ್ನೇ ಸ್ವಲ್ಪ ಬೇಗ ಹೇಳಿ ನೋಡಿ. ಅಲ್ಯಾಕ್‌ಸಾ. ಮಿಕ್ಸಿ ತಿರುಗುತ್ತಿರುವಾಗ, ಟಿವಿ ಹಾಕಿರುವಾಗ, ಆರಡಿ ದೂರದಿಂದ ಕೇಳಿಸಿಕೊಳ್ಳುವ ಯಂತ್ರಕ್ಕೆ ಅದು ಹೇಗೆ ಕೇಳಿಸಬಹುದು ಅಂತ ಊಹಿಸಿ. ಯಂತ್ರಕ್ಕೆ ಮಾತಿನ ಅರ್ಥ ಬೇಕಿಲ್ಲ. ಸದ್ದಿನ ಆಕಾರ ಹೊಂದಿದರೆ ಸಾಕು.

ಇದನ್ನು ಅಳೆದು ನೋಡಿದವರಿದ್ದಾರೆ. 2020ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬೇರೆ ಬೇರೆ ಕಂಪನಿಗಳ ಸ್ಪೀಕರುಗಳ ಮುಂದೆ ದಿನಗಟ್ಟಲೆ ಇಂಗ್ಲಿಷ್ ಧಾರಾವಾಹಿ ಹಾಕಿ ಕೂತರು. ಬಿಡದೆ ರೆಕಾರ್ಡ್ ಮಾಡುವ ಗುರುತು ಅವರಿಗೆ ಸಿಗಲಿಲ್ಲ. ಆದರೆ ಕರೆಯದೆ ಎಚ್ಚರಗೊಂಡಿದ್ದು ದಿನಕ್ಕೆ 19 ಸಲದವರೆಗೂ ಇತ್ತು. ಕೆಲವು ಸಲ ಅರ್ಧ ನಿಮಿಷಕ್ಕೂ ಜಾಸ್ತಿ ಎಚ್ಚರವಾಗಿಯೇ ಇದ್ದವು. ಅರ್ಧ ನಿಮಿಷದಲ್ಲಿ ಎಷ್ಟೊಂದು ಹೇಳಿಬಿಡಬಹುದು ಅನ್ನೋದು ನಿಮಗೆ ಈಗ ನನಗಿಂತ ಚೆನ್ನಾಗಿ ಗೊತ್ತು.

2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಒಂದು ದಂಪತಿಗೆ ಹೆಚ್ಚುಕಮ್ಮಿ ನಿಮ್ಮ ಹಾಗೆಯೇ ಆಯಿತು. ಅವರು ಮನೆಯ ಮರದ ನೆಲಹಾಸಿನ ಬಗ್ಗೆ ಮಾತಾಡುತ್ತಿದ್ದರು. ಆ ಮಾತು ರೆಕಾರ್ಡ್ ಆಗಿ, ಗಂಡನ ಕೈಕೆಳಗೆ ಕೆಲಸ ಮಾಡುವವರೊಬ್ಬರ ಫೋನಿಗೆ ಹೋಗಿತ್ತು. ಆಮೇಲೆ ಅಮೆಜಾನ್ ಕೊಟ್ಟ ವಿವರಣೆ ಹೀಗಿತ್ತು. ಮಾತಿನ ನಡುವಿನ ಒಂದು ಪದ 'ಅಲೆಕ್ಸಾ' ಅಂತ ಕೇಳಿಸಿತು. ಇನ್ನೊಂದು ಮಾತು 'ಮೆಸೇಜ್ ಕಳಿಸು' ಅಂತ ಕೇಳಿಸಿತು. ಯಾರಿಗೆ ಅಂತ ಸ್ಪೀಕರ್ ಕೇಳಿತು. ಅವರು ಆಡುತ್ತಿದ್ದ ಮಾತಿನಲ್ಲೇ ಒಂದು ಹೆಸರು ಕೇಳಿಸಿತು. ಸರಿಯಾ ಅಂತ ಕೇಳಿದ್ದಕ್ಕೂ 'ಸರಿ' ಅಂತ ಕೇಳಿಸಿತು. ನಾಲ್ಕು ತಪ್ಪು ಸಾಲಾಗಿ ನಡೆದವು, ಮನೆಯವರಿಗೆ ಒಂದೂ ಗೊತ್ತಾಗಲಿಲ್ಲ.

ನಿಮ್ಮಲ್ಲಿ ಇಷ್ಟು ದೊಡ್ಡ ಸರಣಿ ಬೇಕಾಗಿಲ್ಲ. ಒಂದೇ ತಪ್ಪು ಸಾಕಾಯಿತು. ಯಾಕೆ ಅಂದರೆ ಸ್ಪೀಕರ್ ನಿಮ್ಮ ಮನೆಯಲ್ಲಿದೆ, ಆದರೆ ಅದರ ಖಾತೆ ಮಗಳದು. ಅವಳು ಜೋಡಿಸುವಾಗ ತನ್ನ ಮೊಬೈಲ್ ನಂಬರು, ತನ್ನ ಇಮೇಲು ಕೊಟ್ಟಿರುತ್ತಾಳೆ. ಅಮೆಜಾನ್ ಅಥವಾ ಗೂಗಲ್ ಸ್ಪೀಕರ್ ಆದರೆ ಆ ಖಾತೆಯಲ್ಲಿ ಧ್ವನಿಯ ಹಿಸ್ಟರಿಯ ಒಂದು ಪಟ್ಟಿ ಇರುತ್ತದೆ. ಸ್ಪೀಕರ್ ಎಚ್ಚರಗೊಂಡ ಪ್ರತಿ ಸಲದ ದಿನಾಂಕ, ಸಮಯ, ಅದಕ್ಕೆ ಕೇಳಿಸಿದ ಪದಗಳು ಅಲ್ಲಿರುತ್ತವೆ. ಧ್ವನಿ ಉಳಿಸುವ ಸೆಟ್ಟಿಂಗ್ ಇದ್ದರೆ ಪಕ್ಕದಲ್ಲೇ ಒಂದು ಪ್ಲೇ ಗುಂಡಿಯೂ ಇರುತ್ತದೆ. ನಿಮ್ಮ ಮಗಳು ಕಳ್ಳಗಿವಿ ಕೊಟ್ಟಳು ಅಂತ ನನಗೆ ಅನಿಸೋದಿಲ್ಲ. ಇಂಗ್ಲಿಷಿಗೆ ಸೆಟ್ ಮಾಡಿದ ಸ್ಪೀಕರಿಗೆ ಕನ್ನಡ ಬಿದ್ದರೆ ಪಟ್ಟಿಯಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಪದಗಳು ಬರುತ್ತವೆ. ಇದೇನಪ್ಪ ಅಂತ ಯಾರಾದರೂ ಪ್ಲೇ ಒತ್ತುತ್ತಾರೆ. ಒತ್ತಿದರೆ ಅಮ್ಮನ ದನಿ. ಅವಳ ಜಾಗದಲ್ಲಿ ನಿಂತು ಯೋಚಿಸಿದರೆ ಅವಳಿಗೂ ಅದು ಸಣ್ಣ ಪೆಟ್ಟಲ್ಲ.

ಧ್ವನಿ ಸಾಧನಗಳ ವಿಷಯ ಬಂದಾಗ ಎಲ್ಲರೂ ಕಂಪನಿ ಕೇಳುತ್ತಾ, ಸರ್ಕಾರ ಕೇಳುತ್ತಾ ಅಂತ ಹೆದರುತ್ತಾರೆ. ನನಗೆ ಬರುವ ಪ್ರಶ್ನೆಗಳಲ್ಲಿ ನಿಜಕ್ಕೂ ನೋವಾಗಿರುವುದು ಮನೆಯವರ ನಡುವೆ. ಖಾತೆ ಯಾರದೋ, ದನಿ ಇನ್ಯಾರದೋ. ಗಂಡನ ಖಾತೆ, ಹೆಂಡತಿಯ ದನಿ. ಮಗನ ಖಾತೆ, ಅತ್ತೆ ಸೊಸೆಯ ದನಿ. ಕೊಂಡವರಿಗೆ ಎಲ್ಲ ಕಾಣುತ್ತದೆ, ಉಳಿದವರಿಗೆ ಏನೂ ಕಾಣೋದಿಲ್ಲ.

ಇದು ನನಗೆ ಅರ್ಥವಾಗಿದ್ದು ನನ್ನ ಮನೆಯಲ್ಲೇ. ಇಪ್ಪತ್ತು ವರ್ಷದಿಂದ ಇದೇ ಕ್ಷೇತ್ರದಲ್ಲಿದ್ದೇನೆ. ಆದರೂ ಒಂದು ಭಾನುವಾರದವರೆಗೆ ನಮ್ಮ ಸ್ಪೀಕರಿನ ಹಿಸ್ಟರಿ ತೆರೆದು ನೋಡಿರಲಿಲ್ಲ. ಕೂತು ಒಂದೊಂದಾಗಿ ಕೇಳಿದೆ. ಒಂದರಲ್ಲಿ ಕುಕ್ಕರಿನ ವಿಷಲ್ ಮಾತ್ರ. ಇನ್ನೊಂದರಲ್ಲಿ ಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸು 'ಸಬ್ಬಸಿಗೆ, ಮೆಂತ್ಯ' ಅಂತ ಕೂಗಿದ್ದು. ಮೂರನೆಯದರಲ್ಲಿ ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ. ಪಾತ್ರೆ ತೊಳೆಯುತ್ತಾ ಫೋನಿನಲ್ಲಿ ಯಾರ ಹತ್ತಿರವೋ ಸಾಲ ಕೇಳುತ್ತಿದ್ದರು. ಮಗನ ಸ್ಕೂಲ್ ಫೀಸು ಕಟ್ಟೋಕೆ. ನೀರು ಬೀಳುವ ಸದ್ದು, ಸ್ಟೀಲ್ ತಟ್ಟೆಯ ಸದ್ದು, ಅದರ ನಡುವೆ 'ಬಡ್ಡಿ ಎಷ್ಟಾದ್ರೂ ಪರವಾಗಿಲ್ಲ ಅಣ್ಣ' ಅಂದ ಅವರ ದನಿ. ಆರು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವವರು. ನಮ್ಮ ಹತ್ತಿರ ಒಂದು ದಿನ ಹಣ ಕೇಳಿದವರಲ್ಲ. ಅಲ್ಲಿಗೇ ನಿಲ್ಲಿಸಿದೆ. ಮುಂದೆ ಕೇಳುವ ಹಕ್ಕು ನನಗೆ ಇರಲಿಲ್ಲ. ಮಾರನೇ ದಿನ ಅವರನ್ನು ಕೂರಿಸಿ, ಆ ಡಬ್ಬಿ ಏನು, ಅದು ಏನು ಮಾಡುತ್ತದೆ ಅಂತ ಹೇಳಿದೆ, ಕ್ಷಮೆ ಕೇಳಿದೆ. ಅಷ್ಟು ದಿನ ಅವರು ಅದನ್ನು ರೇಡಿಯೋ ಅಂದುಕೊಂಡಿದ್ದರು. ಆವತ್ತಿನಿಂದ ನಮ್ಮ ಅಡುಗೆಮನೆಯಲ್ಲಿ ಸ್ಪೀಕರ್ ಇಲ್ಲ.

ನಿಮ್ಮ ಮನೆಗೂ ಕೆಲಸದವರು, ಗ್ಯಾಸಿನವರು, ಪಕ್ಕದ ಮನೆಯ ಮಕ್ಕಳು ಬರುತ್ತಿರಬಹುದು. ಮನೆಯ ಹಾಲ್‌ನಲ್ಲಿ ಇಂಥ ಸ್ಪೀಕರ್ ಇದೆ ಅಂತ ಅವರಿಗೆ ಒಂದು ಮಾತು ಹೇಳಿ.

ಈಗ ಕಂಪನಿಯವರ ವಿಷಯ. ಕೇಳಿದ್ದಾರೆ, ಹೌದು. 2019ರಲ್ಲಿ ಇದು ಒಂದರ ಹಿಂದೆ ಒಂದು ಹೊರಗೆ ಬಂತು. ಏಪ್ರಿಲ್‌ನಲ್ಲಿ ಅಮೆಜಾನ್, ಜುಲೈನಲ್ಲಿ ಗೂಗಲ್ ಮತ್ತು ಆಪಲ್. ಯಂತ್ರ ಮಾತನ್ನು ಸರಿಯಾಗಿ ಗುರುತಿಸಿತಾ ಅಂತ ನೋಡಲು ಕೆಲವು ತುಣುಕುಗಳನ್ನು ಮನುಷ್ಯರಿಗೆ ಕೇಳಿಸಿ ಬರೆಸುತ್ತಿದ್ದರು. ಗೂಗಲ್ ತಾನೇ ಹೇಳಿದ ಲೆಕ್ಕ ಶೇಕಡಾ 0.2. ಅಂದರೆ ಸಾವಿರಕ್ಕೆ ಎರಡು. ಕಡಿಮೆ ಅನಿಸುತ್ತದೆ. ಆದರೆ ಬೆಲ್ಜಿಯಂನ ಸುದ್ದಿಸಂಸ್ಥೆ ವಿಆರ್‌ಟಿ ಕೈಗೆ ಸಿಕ್ಕ ಸಾವಿರಕ್ಕೂ ಹೆಚ್ಚು ತುಣುಕುಗಳಲ್ಲಿ 153 ಯಾರೂ ಕರೆಯದೆ ರೆಕಾರ್ಡ್ ಆದವು. ಅವುಗಳಲ್ಲಿ ಮಲಗುವ ಕೋಣೆಯ ಮಾತೂ ಇತ್ತು. ಅದಕ್ಕೂ ಮೊದಲು, 2018ರಲ್ಲಿ, ಜರ್ಮನಿಯಲ್ಲಿ ಒಬ್ಬರು ತಮ್ಮ ಮಾಹಿತಿ ಕೊಡಿ ಅಂತ ಅಮೆಜಾನ್‌ಗೆ ಕೇಳಿದರೆ ಬೇರೊಬ್ಬರ ಸುಮಾರು 1700 ಧ್ವನಿ ತುಣುಕು ಬಂದವು.

ಮಕ್ಕಳ ವಿಷಯದಲ್ಲಿ ಅಮೆರಿಕ ಸರ್ಕಾರ ಗಟ್ಟಿಯಾಗಿ ಹಿಡಿಯಿತು. ಮಕ್ಕಳ ಧ್ವನಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದು, ಪೋಷಕರು ಅಳಿಸಿ ಅಂದರೂ ಪೂರ್ತಿ ಅಳಿಸದಿದ್ದು ಅನ್ನೋ ಆರೋಪದ ಮೇಲೆ 2023ರಲ್ಲಿ ಅಮೆಜಾನ್ 25 ಮಿಲಿಯನ್ ಡಾಲರ್ ಕಟ್ಟಲು ಒಪ್ಪಿತು. ಸಿರಿಯ ಮೇಲಿನ ಒಂದು ಮೊಕದ್ದಮೆ ಮುಗಿಸಲು ಆಪಲ್ 95 ಮಿಲಿಯನ್ ಡಾಲರ್ ಕೊಡಲು ಒಪ್ಪಿತು, ತಪ್ಪು ಮಾಡಿದ್ದೇವೆ ಅಂತ ಮಾತ್ರ ಒಪ್ಪಲಿಲ್ಲ.

ಈ ಗಲಾಟೆಯಿಂದ ಒಂದು ಒಳ್ಳೆಯದಾಯಿತು. ಗೂಗಲ್ ಮತ್ತು ಆಪಲ್ ಈಗ ನೀವು ಒಪ್ಪಿಗೆ ಕೊಡದೆ ಧ್ವನಿಯ ರೆಕಾರ್ಡಿಂಗ್ ಉಳಿಸಿಕೊಳ್ಳೋದಿಲ್ಲ. ಕೇಳಿದ ಪ್ರಶ್ನೆಯ ಬರಹ ರೂಪ ಉಳಿಯಬಹುದು. ಅಮೆಜಾನ್‌ನಲ್ಲಿ ನೀವಾಗಿಯೇ ಹೋಗಿ ಬೇಡ ಅನ್ನಬೇಕು. ಮಾತನ್ನು ಹೊರಗೇ ಕಳಿಸದೆ ಸ್ಪೀಕರಿನೊಳಗೇ ಅರ್ಥ ಮಾಡಿಕೊಳ್ಳುವ ಒಂದು ಆಯ್ಕೆ ಅಮೆರಿಕದ ಕೆಲವು ಮಾಡೆಲ್‌ಗಳಲ್ಲಿ ಇತ್ತು. ಅದನ್ನೂ 2025ರ ಮಾರ್ಚ್ 28ಕ್ಕೆ ಅಮೆಜಾನ್ ತೆಗೆದುಹಾಕಿತು. ಇದು ಹಿಂದಕ್ಕೆ ಇಟ್ಟ ಹೆಜ್ಜೆ. ಮಾತು ಮನೆಯಲ್ಲೇ ಉಳಿಯುವ ದಾರಿ ಇದ್ದಾಗ ಅದನ್ನು ಮುಚ್ಚಬಾರದಿತ್ತು.

ನಮ್ಮ ದೇಶದ ಕಾನೂನು ಏನು ಹೇಳುತ್ತೆ ಅಂತ ನೀವು ಕೇಳಿಲ್ಲ. ಆದರೂ ಒಂದು ವಿಷಯ ಹೇಳಬೇಕು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ಬೆಂಗಳೂರಿನಲ್ಲೇ ಇದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿಷಯವಾಗಿ ಕೋರ್ಟಿಗೆ ಹೋದರು. 2024ರಲ್ಲಿ ತೀರಿಕೊಂಡರು. ವಯಸ್ಸಾದವರಿಗೆ ಈ ಮೊಬೈಲು, ಡೇಟಾ ಎಲ್ಲ ಯಾಕೆ ಅಂತ ಯಾರಾದರೂ ನಿಮಗೆ ಹೇಳಿದರೆ ಅವರ ಹೆಸರು ಹೇಳಿ.

ಆ ತೀರ್ಪಿನ ಮೇಲೆ 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಆಮೇಲೆ ನಮ್ಮ ಬಗ್ಗೆ ಏನಿಟ್ಟುಕೊಂಡಿದ್ದೀರಿ ತೋರಿಸಿ, ಅಳಿಸಿ ಅಂತ ಕೇಳುವ ಹಕ್ಕಿಗೆ ಬಲ ಬರುತ್ತದೆ. ಮಾಹಿತಿಯನ್ನು ಭದ್ರವಾಗಿ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೂ ದಂಡ ಇದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸೋದಿಲ್ಲ. ತಾಯಿ ಮಗಳ ನಡುವೆ, ಮನೆಯವರು ಕೆಲಸದವರ ನಡುವೆ ಅದು ಬರೋದೇ ಇಲ್ಲ. ನಿಮಗೆ ಆದ ನೋವನ್ನು ನೀವು ಮಗಳ ಜೊತೆ ಮಾತಾಡಿಯೇ ಬಗೆಹರಿಸಬೇಕು.

ಅದಕ್ಕೆ ಏನೇನು ಮಾಡಬೇಕು ಅಂತ ಹೇಳುತ್ತೇನೆ.

ಇವತ್ತೇ ಮಾಡಬಹುದಾದ್ದು ಮೈಕ್ ಗುಂಡಿ. ಅಮೆಜಾನ್, ಗೂಗಲ್ ಸ್ಪೀಕರುಗಳಲ್ಲಿ ಮೇಲೋ ಹಿಂದೋ ಪಕ್ಕದಲ್ಲೋ ಒಂದು ಗುಂಡಿ ಅಥವಾ ಜಾರಿಸುವ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಅಮೆಜಾನ್‌ನದರಲ್ಲಿ ಕೆಂಪು ದೀಪ ಬರುತ್ತದೆ, ಗೂಗಲ್‌ನದರಲ್ಲಿ ಕಿತ್ತಳೆ ದೀಪ. ಆಗ ಮೈಕೇ ಬಂದ್. ಬೆಳಗ್ಗೆ ದೇವರನಾಮದ ಹೊತ್ತಿಗೆ ಮೈಕ್ ಆನ್ ಮಾಡಿ, ಊಟಕ್ಕೆ ಕೂರುವ ಮುಂಚೆ ಬಂದ್ ಮಾಡಿ. ಮೊದಲೇ ಹೇಳಿಟ್ಟ ಮಾತ್ರೆಯ ಅಲಾರಂ ಮೈಕ್ ಬಂದ್ ಇದ್ದರೂ ಹೊಡೆಯುತ್ತದೆ, ಅದಕ್ಕೆ ಬೇಕಾಗಿರೋದು ಕರೆಂಟು ಮತ್ತು ವೈಫೈ ಅಷ್ಟೇ. ಯಜಮಾನರಿಗೆ ದೀಪದ ಬಣ್ಣ ಕಾಣದಿದ್ದರೆ ಗುಂಡಿಯ ಮೇಲೆ ಒಂದು ಬಿಂದಿ ಅಂಟಿಸಿ. ಬೆರಳಿಗೆ ಸಿಗುತ್ತದೆ.

ಆಮೇಲೆ ಜಾಗ. ವಿಜಯನಗರದ 30-40 ಸೈಟಿನ ಮನೆಗಳನ್ನು ನಾನು ನೋಡಿದ್ದೇನೆ. ಹಾಲು, ದೇವರ ಮನೆ, ಅಡುಗೆಮನೆ ಎಲ್ಲ ಹತ್ತು ಹನ್ನೆರಡು ಹೆಜ್ಜೆಯೊಳಗೆ. ಹಾಲಿನ ಮೂಲೆಯಲ್ಲಿಟ್ಟರೂ ಊಟದ ಮೇಜಿನ ಮಾತು ಅದಕ್ಕೆ ಕೇಳಿಸುತ್ತದೆ. ಯಜಮಾನರು ಬೆಳಗ್ಗೆ ಕೂರುವ ಕುರ್ಚಿಯ ಪಕ್ಕಕ್ಕೆ ಅದನ್ನು ತನ್ನಿ. ಊಟದ ಮೇಜಿನಿಂದ ದೂರ ಇರಲಿ, ಟಿವಿಯಿಂದಲೂ ದೂರ ಇರಲಿ. ಮಲಗುವ ಕೋಣೆಗೆ ಮಾತ್ರ ಬೇಡವೇ ಬೇಡ.

ಮುಂದಿನ ಕೆಲಸ ಮಗಳ ಮೊಬೈಲಿನಲ್ಲಿ ಆಗಬೇಕು. ಫೋನಿನಲ್ಲೇ ಅವಳ ಹತ್ತಿರ ಮಾಡಿಸಿ. ಆ್ಯಪ್‌ನ ಪ್ರೈವೆಸಿ ವಿಭಾಗಕ್ಕೆ ಹೋಗಿ ಹಳೆಯ ಧ್ವನಿಯನ್ನೆಲ್ಲ ಅಳಿಸಲಿ. ಆದರೆ ಆ ಸ್ಕ್ಯಾನಿಂಗ್ ರಾತ್ರಿಯ ಒಂದನ್ನು ಬಿಡಲಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಎಷ್ಟು ದಿನ ಉಳಿಸಬೇಕು ಅನ್ನೋ ಕಡೆ 'ಉಳಿಸಬೇಡ' ಅಂತ ಆರಿಸೋದು ಆ ಒಂದನ್ನು ಅಳಿಸಿದ ಮೇಲೆ ಆಗಲಿ, ಆ ಆಯ್ಕೆ ಹಳೆಯದನ್ನೂ ಅಳಿಸಿಬಿಡಬಹುದು. ಸೇವೆ ಸುಧಾರಿಸಲು ನಿಮ್ಮ ಧ್ವನಿ ಬಳಸಬಹುದಾ ಅನ್ನೋದನ್ನು ಆಫ್ ಮಾಡಲಿ. ಮನುಷ್ಯರು ಕೇಳೋದು ಆ ದಾರಿಯಲ್ಲೇ. ಅಮೆಜಾನ್‌ನದಾದರೆ 'ಡ್ರಾಪ್ ಇನ್' ಅಂತ ಒಂದಿದೆ. ಅದು ಆನ್ ಇದ್ದರೆ, ಅನುಮತಿ ಇರುವವರು ನೀವು ಎತ್ತದೆಯೂ ಕರೆ ಮಾಡಿ ನಿಮ್ಮ ಹಾಲಿನ ಮಾತು ಕೇಳಬಹುದು. ಒಂಟಿಯಾಗಿ ಇರುವ ಹಿರಿಯರು ಬಿದ್ದರೆ ಗೊತ್ತಾಗಲಿ ಅಂತ ಕೆಲವು ಮಕ್ಕಳು ಬೇಕೆಂದೇ ಆನ್ ಮಾಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅದು ನಿಮಗೆ ಗೊತ್ತಿರಬೇಕು, ನೀವು ಹೂಂ ಅಂದಿರಬೇಕು.

ಕರೆಯುವ ಪದವನ್ನೂ ಬದಲಿಸಬಹುದು. ಅಲೆಕ್ಸಾ ಬದಲು 'ಎಕೋ' ಅಥವಾ 'ಕಂಪ್ಯೂಟರ್' ಅಂತ ಇಡಬಹುದು. 'ಎಕೋ' ಕನ್ನಡದ ಮನೆಗೆ ಇನ್ನೂ ಕಷ್ಟ, ನಮ್ಮ ಬಾಯಲ್ಲಿ 'ಏಕೋ' ಬಂದೇ ಬರುತ್ತದೆ. ಇಂಜಿನಿಯರುಗಳಿರುವ ಮನೆಯಾದರೆ 'ಕಂಪ್ಯೂಟರ್' ಕೂಡ ಬೇಡ. ನಿಮ್ಮಿಬ್ಬರಿಗೆ ಅದು ಸರಿಹೋಗುತ್ತದೆ. ಗೂಗಲ್‌ನದರಲ್ಲಿ ಪದ ಬದಲಿಸಲಾಗದು, ಆದರೆ ಕಿವಿ ಎಷ್ಟು ಚುರುಕಾಗಿರಬೇಕು ಅನ್ನೋದನ್ನು ಆ್ಯಪ್‌ನಲ್ಲಿ ಕಡಿಮೆ ಮಾಡಬಹುದು.

ಇದಿಷ್ಟೂ ಸದ್ಯದ ಪರಿಹಾರ. ಸರಿಯಾದ ಪರಿಹಾರ ಅಂದರೆ ಸ್ಪೀಕರ್ ನಿಮ್ಮ ಖಾತೆಗೆ ಬರಬೇಕು. ಮಗಳು ಮುಂದಿನ ಸಲ ಬಂದಾಗ ತನ್ನ ಆ್ಯಪ್‌ನಿಂದ ಅದನ್ನು ತೆಗೆದು, ನಿಮ್ಮ ನಂಬರಿನಲ್ಲಿ ಹೊಸ ಖಾತೆ ಮಾಡಿ, ನಿಮ್ಮ ಮೊಬೈಲಿನಲ್ಲೇ ಜೋಡಿಸಲಿ. ಪಾಸ್‌ವರ್ಡ್ ನೀವೇ ಹಾಕಿ, ಡೈರಿಯಲ್ಲಿ ಬರೆದಿಡಿ. ಅವಳ ಖಾತೆಯಲ್ಲಿ ಹಾಡಿನ ಚಂದಾ ಇದ್ದರೆ ಅದು ಹೋಗುತ್ತದೆ. ಬೇರೆ ಚಂದಾ ಮಾಡಿ, ಇಲ್ಲವೇ ಮೊಬೈಲಿನಿಂದ ಬ್ಲೂಟೂತ್‌ನಲ್ಲಿ ಹಾಕಿ. ಧ್ವನಿಯಿಂದ ಸಾಮಾನು ಕೊಳ್ಳುವ ಸೌಲಭ್ಯ ಬಂದ್ ಮಾಡಿ. ಬಾಗಿಲಿನ ಬೀಗಕ್ಕೆ ಅದನ್ನು ಜೋಡಿಸಬೇಡಿ, ಯಾರು ಎಷ್ಟೇ ಚೆನ್ನಾಗಿದೆ ಅಂದರೂ.

ಟಿವಿಯ ಬಗ್ಗೆಯೂ ಎರಡು ಮಾತು. ಹೆಚ್ಚಿನ ಟಿವಿ ರಿಮೋಟಿನ ಮೈಕು ಗುಂಡಿ ಒತ್ತಿ ಹಿಡಿದಾಗ ಮಾತ್ರ ಕೇಳುತ್ತದೆ, ಅದು ಪರವಾಗಿಲ್ಲ. ಟಿವಿಯೊಳಗೇ ಮೈಕ್ ಇರುವ ಮಾಡೆಲ್ ಆದರೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಸ್ಕ್ಯಾನಿಂಗ್ ಬಗ್ಗೆ ಮಾತಾಡಿದ ಮೇಲೆ ಮೊಬೈಲಿನಲ್ಲಿ ಆಸ್ಪತ್ರೆಯ ಜಾಹೀರಾತು ಬಂದರೆ ಸ್ಪೀಕರನ್ನೇ ಅನುಮಾನಿಸಬೇಡಿ. ರಿಪೋರ್ಟಿನ ಪದಗಳನ್ನು ಯಾರಾದರೂ ಮೊಬೈಲಿನಲ್ಲಿ ಹುಡುಕಿರುತ್ತಾರೆ. ಜಾಹೀರಾತಿಗೆ ಅಷ್ಟು ಸಾಕು.

ಕೊನೆಗೆ ಆ ಒಂದು ತುಣುಕು. ಅದನ್ನು ಮಗಳು ಪುಣೆಯಲ್ಲಿ ಒಬ್ಬಳೇ ಕೂತು ಅಳಿಸೋದು ಬೇಡ. ಅವಳು ಊರಿಗೆ ಬಂದ ದಿನ, ರಿಪೋರ್ಟನ್ನು ಅವಳ ಕೈಗೆ ಕೊಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ನೀವಿಬ್ಬರೇ ಬಾಯಿಬಿಟ್ಟು ಹೇಳಿ. ಆಮೇಲೆ ಅವಳ ಮೊಬೈಲ್ ನಿಮ್ಮ ಕೈಗೆ ತೆಗೆದುಕೊಳ್ಳಿ. ಆ ದಿನಾಂಕ ಎಲ್ಲಿದೆ ಅಂತ ಅವಳು ತೋರಿಸಲಿ. ಡಿಲೀಟ್ ಗುಂಡಿಯನ್ನು ನೀವು ಒತ್ತಿ.